ಪೀಸಾದಲ್ಲಿ ರಾತ್ರಿ 11:20ಕ್ಕೆ ಇಳಿದರೆ ಫ್ಲಾರೆನ್ಸ್‌ಗೆ ಹೋಗುವುದು ಹೇಗೆ? ಅಪ್ಪ ಅಮ್ಮ ಜೊತೆಗಿದ್ದಾರೆ

ದಾವಣಗೆರೆ_ಬೆಣ್ಣೆ
ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಮೂರು ತಿಂಗಳು ಇರುತ್ತಾರೆ. ಹೇಗೋ ಒದ್ದಾಡಿ ಮೂವರಿಗೂ ಷೆಂಗೆನ್ ವೀಸಾ ಮಾಡಿಸಿದೆ. ಸ್ಟಾನ್‌ಸ್ಟೆಡ್ ಏರ್‌ಪೋರ್ಟ್‌ನಿಂದ ಇಟಲಿಯ ಪೀಸಾಗೆ ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಯಲ್ಲಿ ಬುಕ್ ಮಾಡಿಬಿಟ್ಟೆ. ಆಮೇಲೆ ಕಣ್ಣು ಬಿಟ್ಟು ನೋಡಿದರೆ ಇಳಿಯುವುದು ರಾತ್ರಿ 11:20ಕ್ಕೆ! ಹೋಟೆಲ್ ಇರುವುದು ಫ್ಲಾರೆನ್ಸ್‌ನಲ್ಲಿ, ಸುಮಾರು 80 ಕಿಲೋಮೀಟರ್ ದೂರ.

ಅಪ್ಪನಿಗೆ 71. ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವರು, ಈಗಲೂ ಗಟ್ಟಿ ಇದ್ದಾರೆ. ಅಮ್ಮನಿಗೆ ಮಂಡಿ ನೋವು. ಎರಡು ದೊಡ್ಡ ಸೂಟ್‌ಕೇಸ್ ಇವೆ. ಆ ರಾತ್ರಿಯೇ ಫ್ಲಾರೆನ್ಸ್ ಸೇರಬಹುದಾ? ಏರ್‌ಪೋರ್ಟ್‌ನಿಂದ ರೈಲ್ವೆ ಸ್ಟೇಷನ್‌ಗೆ ಪೀಸಾಮೂವರ್ ಅಂತ ಏನೋ ಪುಟ್ಟ ರೈಲು ಇದೆಯಂತೆ, ತಲೆಗೆ 6.50 ಯೂರೋ ಅಂತೆ. ಎರಡು ಕಿಲೋಮೀಟರಿಗೆ ಅಷ್ಟು ದುಡ್ಡು ಕೊಡುವುದು ದಂಡ ಅಂತ ಒಬ್ಬರು ಹೇಳಿದರು. ನಿಜವಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಪೀಸಾ_ಪಿಎಚ್‌ಡಿ
ನಾನು ಇಲ್ಲಿ ನಾಲ್ಕು ವರ್ಷದಿಂದ ಇದ್ದೀನಿ. ಒಂದೇ ಮಾತು: ಆ ರಾತ್ರಿ ಫ್ಲಾರೆನ್ಸ್ ಆಸೆ ಬಿಡಿ.

ಲೆಕ್ಕ ಹಾಕಿ. 11:20ಕ್ಕೆ ಚಕ್ರ ನೆಲಕ್ಕೆ ತಾಗುತ್ತದೆ. ಇಂಗ್ಲೆಂಡ್‌ನಿಂದ ಬಂದರೆ ಪಾಸ್‌ಪೋರ್ಟ್ ಸಾಲು ಇರುತ್ತದೆ, ನಿಮ್ಮ ಮೂವರದೂ ಇಂಡಿಯನ್ ಪಾಸ್‌ಪೋರ್ಟ್, ಚೆಕ್ ಮಾಡಿಸಿಕೊಳ್ಳಬೇಕು. ಆಮೇಲೆ ಲಗೇಜು. ಹೊರಗೆ ಬರುವಷ್ಟರಲ್ಲಿ 12 ಆಗಿಯೇ ಆಗಿರುತ್ತದೆ. ಪೀಸಾಮೂವರ್ ಓಡುವುದು ಬೆಳಿಗ್ಗೆ 6ರಿಂದ ರಾತ್ರಿ 12ರವರೆಗೆ ಮಾತ್ರ. ಹಾಗಾಗಿ 6.50 ದುಬಾರಿಯೋ ಅಗ್ಗವೋ ಅನ್ನುವ ಜಗಳವೇ ನಿಮಗೆ ಬರುವುದಿಲ್ಲ. ಆ ಹೊತ್ತಿಗೆ ಅದು ಬಾಗಿಲು ಹಾಕಿರುತ್ತದೆ.

ಸ್ಟೇಷನ್ ಹತ್ತಿರ ಒಂದು ರೂಮ್ ಮಾಡಿ. ಟ್ಯಾಕ್ಸಿಯಲ್ಲಿ ಹೋಗಿ ಮಲಗಿ. ಬೆಳಿಗ್ಗೆ ಗೋಪುರ ನೋಡಿ, ಮಧ್ಯಾಹ್ನ ರೈಲು ಹತ್ತಿ. ಪೀಸಾ ಚೆಂತ್ರಾಲೆ ಸ್ಟೇಷನ್‌ನಿಂದ ಫ್ಲಾರೆನ್ಸ್‌ಗೆ ಒಂದು ಗಂಟೆ, ಹಗಲು ಹೊತ್ತು ಗಾಡಿಗಳಿಗೆ ಬರವಿಲ್ಲ.

ನಡೆದೇ_ನೋಡು
ಟ್ಯಾಕ್ಸಿ ಯಾಕೆ? ನಡೆಯಿರಿ. ಏರ್‌ಪೋರ್ಟ್‌ನಿಂದ ಸ್ಟೇಷನ್‌ಗೆ ಎರಡು ಕಿಲೋಮೀಟರ್ ಕೂಡ ಇಲ್ಲ. ನಾನು ಪ್ರತಿ ಸಲ ನಡೆದೇ ಹೋಗುವುದು. 25 ನಿಮಿಷ. ರಸ್ತೆ ಸಮತಟ್ಟಾಗಿದೆ. ಯೂರೋಪಿನಲ್ಲಿ ಇಷ್ಟು ಊರೊಳಗೇ ಇರುವ ಏರ್‌ಪೋರ್ಟ್ ಸಿಗುವುದೇ ಪುಣ್ಯ.

ಗಿರಿಜಕ್ಕ_ಮ್ಯೂನಿಕ್
ತಮ್ಮಾ, ಮಂಡಿ ನೋವಿರುವ ತಾಯಿ, ಎರಡು ಸೂಟ್‌ಕೇಸ್, ರಾತ್ರಿ ಹನ್ನೆರಡೂವರೆ. ಓದಿದ್ದೀಯೋ ಇಲ್ಲವೋ?

ನಡೆದೇ_ನೋಡು
ಓದಿದೆ ಅಕ್ಕಾ. ಸೂಟ್‌ಕೇಸ್‌ಗೆ ಚಕ್ರ ಇರುತ್ತೆ ಅಲ್ವಾ.

ಗಿರಿಜಕ್ಕ_ಮ್ಯೂನಿಕ್
ಅಮ್ಮನಿಗೆ ಇಲ್ಲ.

ಹಳೇ_ಪ್ರವಾಸಿ
ಈ ಪೀಸಾಮೂವರ್ ಬರುವ ಮುಂಚೆ ಒಂದು ಒಳ್ಳೆ ಕಾಲ ಇತ್ತು. ನಾನು 2011ರಲ್ಲಿ ಹೋದಾಗ ಏರ್‌ಪೋರ್ಟ್ ಬಾಗಿಲಲ್ಲೇ ರೈಲ್ವೆ ಸ್ಟೇಷನ್ ಇತ್ತು. ವಿಮಾನ ಇಳಿದು ಬಂದು ನಿಜವಾದ ರೈಲು ಹತ್ತಿದೆ. ಟಿಕೆಟ್ ಚಿಲ್ಲರೆ ದುಡ್ಡು. ಕೆಲವು ಗಾಡಿ ನೇರ ಫ್ಲಾರೆನ್ಸ್‌ಗೇ ಹೋಗುತ್ತಿದ್ದವು. 2013ರ ಕೊನೆಗೆ ಅದನ್ನು ಮುಚ್ಚಿದರು. ಮೂರು ವರ್ಷಕ್ಕೂ ಹೆಚ್ಚು ಕಾಲ ಬಸ್ಸಿನಲ್ಲಿ ಓಡಾಡಿಸಿದರು. 2017ರಲ್ಲಿ ಈ ಹೊಸ ಆಟಿಕೆ ತಂದಿಟ್ಟರು. ಇದ್ದ ರೈಲು ಕಿತ್ತು ಅದೇ ಜಾಗದಲ್ಲಿ ಅದಕ್ಕಿಂತ ಚಿಕ್ಕದನ್ನು ಹಾಕಿ ಜಾಸ್ತಿ ದುಡ್ಡು ಕೇಳುವ ಬುದ್ಧಿವಂತಿಕೆ ಯಾರಿಗೆ ಹೊಳೆಯಿತೋ.

ಪೀಸಾ_ಪಿಎಚ್‌ಡಿ
ಹಳೇ ಪ್ರವಾಸಿ ಸರ್, ಅರ್ಧ ಸರಿ. ರೈಲು ಅಗ್ಗ ಇತ್ತು, ಒಪ್ಪಿದೆ. ಆದರೆ ನೀವು ಹೇಳುವಷ್ಟು ಸುಖ ಇರಲಿಲ್ಲ ಅಂತ ಇಲ್ಲಿನವರು ಹೇಳುತ್ತಾರೆ. ಗಾಡಿ ತಪ್ಪಿದರೆ ಮುಂದಿನದಕ್ಕೆ ಕಾಯುತ್ತಾ ಕೂರಬೇಕಿತ್ತು. ಈಗ ಐದೆಂಟು ನಿಮಿಷಕ್ಕೊಂದು ಬರುತ್ತದೆ, ಐದು ನಿಮಿಷದಲ್ಲಿ ಸ್ಟೇಷನ್. ಡ್ರೈವರ್ ಇಲ್ಲ, ಕೇಬಲ್ ಎಳೆಯುತ್ತದೆ. ನಡುವೆ ಕಾರ್ ಪಾರ್ಕಿಂಗ್‌ಗೆ ಒಂದು ಸ್ಟಾಪ್. ಅಷ್ಟೇ ಅದರ ಇಡೀ ಪ್ರಪಂಚ.

ಬೆಲೆ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ನಾನೂ ಸೇರುತ್ತೇನೆ. ಶುರುವಾದಾಗ 2.70 ಇತ್ತು. ಆಮೇಲೆ 5 ಆಯಿತು. ಈಗ 6.50. ನಾನು ಇಲ್ಲಿಗೆ ಬಂದ ಮೇಲೆಯೇ ಒಂದು ಸಲ ಏರಿದೆ, ನನ್ನ ಸ್ಕಾಲರ್‌ಶಿಪ್ ಏರಿಲ್ಲ.

ಲೆಕ್ಕಿಗ
ಒಂದೂಮುಕ್ಕಾಲು ಕಿಲೋಮೀಟರಿಗೆ 6.50. ಯೂರೋಗೆ ನೂರು ರೂಪಾಯಿ ಹಿಡಿದರೂ ಕಿಲೋಮೀಟರಿಗೆ 370 ರೂಪಾಯಿ. ನಮ್ಮ ಬೆಂಗಳೂರು ಆಟೋದವರೇ ದೇವರು.

ಯಲಹಂಕ_ಹುಡುಗ
ಬೆಂಗಳೂರು ಹೆಸರು ಎತ್ತಬೇಡಿ ಗುರು. ನಮ್ಮ ಏರ್‌ಪೋರ್ಟ್ ಬಸ್ಸು ಎಷ್ಟು ಚೆನ್ನಾಗಿದೆ ಗೊತ್ತಾ? ವಾಯು ವಜ್ರದಲ್ಲಿ ಮೂವತ್ತು ಮೂವತ್ತೈದು ಕಿಲೋಮೀಟರ್ ಎಸಿಯಲ್ಲಿ ಕೂತು ಹೋಗಬಹುದು, ರಾತ್ರಿ ಎರಡಕ್ಕೂ ಸಿಗುತ್ತೆ.

ಲೆಕ್ಕಿಗ
ಹೆಬ್ಬಾಳದಲ್ಲಿ ಕೂತು ಹೋಗಬಹುದು ಅನ್ನಿ. ಹೋಗುವುದು ಕಮ್ಮಿ, ಕೂರುವುದೇ ಜಾಸ್ತಿ.

ಹಳೇ_ಪ್ರವಾಸಿ
ಆಮೇಲೆ ಇನ್ನೊಂದು. ಆಗ ಕೆಂಪು ಲೈನ್ ಸಿಟಿ ಬಸ್ಸು ಏರ್‌ಪೋರ್ಟ್ ಮುಂದೆಯೇ ಬಂದು ನಿಲ್ಲುತ್ತಿತ್ತು. ಸೀದಾ ಗೋಪುರದ ಹತ್ತಿರ ಇಳಿಸುತ್ತಿತ್ತು. ಪೀಸಾಮೂವರ್ ಬಂದ ಮೇಲೆ ಅದನ್ನೂ ಏರ್‌ಪೋರ್ಟ್‌ವರೆಗೆ ಬರದಂತೆ ಮಾಡಿದರು. ಇದಕ್ಕೆ ಏನನ್ನಬೇಕು? ಪಕ್ಕದ ಅಂಗಡಿ ಮುಚ್ಚಿಸಿ ನನ್ನ ಅಂಗಡಿಗೇ ಬಾ ಅಂದ ಹಾಗಾಯಿತು.

ಪೀಸಾ_ಪಿಎಚ್‌ಡಿ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸರ್. 😀 ಕೆಂಪು ಲೈನ್ ಈಗಲೂ ಸ್ಟೇಷನ್ನಿನಿಂದ ಗೋಪುರಕ್ಕೆ ಹೋಗುತ್ತದೆ, ಏರ್‌ಪೋರ್ಟ್ ಒಳಗೆ ಮಾತ್ರ ಬರುವುದಿಲ್ಲ.

ಕರಾವಳಿ_ಕುಡ್ಲ
ಯಾರೂ ಮುಖ್ಯ ವಿಷಯ ಹೇಳಲಿಲ್ಲ ಮಾರಾಯ್ರೆ. ದಾವಣಗೆರೆಯವರೇ, ರಯಾನ್‌ಏರ್ ಟಿಕೆಟ್ ತಾನೆ? ಹೋಗುವುದೂ ಬರುವುದೂ ಎರಡೂ ಕಡೆ ಗಮನ ಇಡಿ. ನಮ್ಮದು ಯೂರೋಪಿನ ಪಾಸ್‌ಪೋರ್ಟ್ ಅಲ್ಲ. ಆನ್‌ಲೈನ್ ಚೆಕ್‌-ಇನ್ ಆಗಿದ್ದರೂ ಸೆಕ್ಯುರಿಟಿಗೆ ಹೋಗುವ ಮುಂಚೆ ಅವರ ಕೌಂಟರ್‌ಗೆ ಹೋಗಿ ಪಾಸ್‌ಪೋರ್ಟ್, ವೀಸಾ ತೋರಿಸಬೇಕು. ಅವರು ವೀಸಾ ಚೆಕ್ ಮಾಡಿದ್ದೇವೆ ಅಂತ ಗುರುತು ಹಾಕುತ್ತಾರೆ. ಅದಿಲ್ಲದೆ ಗೇಟಿಗೆ ಹೋದರೆ ಹತ್ತಿಸುವುದಿಲ್ಲ.

ಇದು ಗೊತ್ತಿಲ್ಲದೆ ನಾನು ಒಮ್ಮೆ ಗೇಟಿನವರೆಗೆ ಆರಾಮಾಗಿ ಕಾಫಿ ಕುಡಿಯುತ್ತಾ ಹೋಗಿದ್ದೆ. ಅಲ್ಲಿಂದ ವಾಪಸ್ ಕೌಂಟರ್‌ಗೆ, ಮತ್ತೆ ಸೆಕ್ಯುರಿಟಿ, ಮತ್ತೆ ಗೇಟ್. ಬೆಲ್ಟು ಕೈಯಲ್ಲಿ ಹಿಡಿದುಕೊಂಡೇ ಓಡಿದ್ದೇನೆ. ಯಾವ ಊರು ಅಂತ ಕೇಳಬೇಡಿ.

ದಾವಣಗೆರೆ_ಬೆಣ್ಣೆ
ಅಯ್ಯೋ, ಇದು ಗೊತ್ತೇ ಇರಲಿಲ್ಲ! ಬಹಳ ಉಪಕಾರ ಆಯಿತು. ಪಿಎಚ್‌ಡಿಯವರೇ, ರೂಮ್ ಮಾಡುವುದೇ ಸರಿ ಅನ್ನಿಸುತ್ತಿದೆ. ಆದರೆ ಒಂದು ರಾತ್ರಿಗೆ ಫ್ಲಾರೆನ್ಸ್ ಹೋಟೆಲ್ ದುಡ್ಡು ಹೋಗುತ್ತಲ್ಲ ಅಂತ ಹೊಟ್ಟೆ ಉರಿ. ಏರ್‌ಪೋರ್ಟ್‌ನಿಂದಲೇ ಫ್ಲಾರೆನ್ಸ್‌ಗೆ ನೇರ ಬಸ್ಸು ಇದೆಯಂತೆ?

ಧಾರವಾಡ_ಪೇಡೆ
ಬಸ್ಸು ಅದಾವ್ರಿ. ನಾನು ಒಮ್ಮೆ ಹೋಗೇನಿ, ಟ್ರಾಫಿಕ್ ಇರಲಿಲ್ಲ ಅಂದ್ರ ತಾಸು ತಾಸೂಕಾಲು. ಆದ್ರ ರಾತ್ರಿ ಹೊತ್ತಿನ ಬಸ್ ನಂಬಿ ಪ್ಲಾನ್ ಮಾಡಬ್ಯಾಡ್ರಿ. ನಮ್ಮ ವಿಮಾನ 40 ನಿಮಿಷ ತಡ ಆತು. ನಾವು ಓಡಿ ಬರೂದ್ರೊಳಗ ಬಸ್ಸಿನ ಹಿಂದಿನ ಕೆಂಪು ಲೈಟ್ ಅಷ್ಟ ಕಂಡ್ವು. ಟಿಕೆಟ್ ರೊಕ್ಕ ವಾಪಸ್ ಕೇಳಿದ್ರ "ವಿಮಾನ ತಡ ಆದದ್ದಕ್ಕ ನಾವೇನ್ ಮಾಡೂಣು" ಅಂದ್ರು. ಅವರ ಮಾತೂ ಖರೇನ ಬಿಡ್ರಿ. ಮುಂಚೆನ ಟಿಕೆಟ್ ತಗೋಬಾರದಿತ್ತು.

ಸುಮ್ನೆ_ಓದುಗ
ಕಾರ್ ಬಾಡಿಗೆಗೆ ತಗೊಳ್ಳಿ. ಮೂರು ಜನ, ಎರಡು ಸೂಟ್‌ಕೇಸ್. ಸುಲಭ.

ಚಿಕ್ಕಮಗಳೂರು_ಕಾಫಿ
ಕಾರ್ ವಿಷಯ ನನ್ನನ್ನು ಕೇಳಿ. ಪೀಸಾದಿಂದ ಫ್ಲಾರೆನ್ಸ್‌ಗೆ ಫಿ-ಪಿ-ಲಿ ಅಂತ ರಸ್ತೆ. ಫಿರೆಂಜೆ (ಅಂದರೆ ಫ್ಲಾರೆನ್ಸ್), ಪೀಸಾ, ಲಿವೊರ್ನೊ ಮೂರು ಊರುಗಳ ಮೊದಲಕ್ಷರ. ಟೋಲ್ ಇಲ್ಲ. ಟೋಲ್ ಇಲ್ಲ ಅಂದಮೇಲೆ ರಸ್ತೆ ಹೇಗಿರುತ್ತೆ ಊಹಿಸಿಕೊಳ್ಳಿ. ಲೇನ್ ಕಿರಿದು, ಎಲ್ಲೋ ಒಂದು ಕಡೆ ರಿಪೇರಿ ನಡೆಯುತ್ತಲೇ ಇರುತ್ತೆ, ಸ್ಪೀಡ್ ಕ್ಯಾಮೆರಾ ಕೂತಿರುತ್ತೆ. ಹಿಂದಿನಿಂದ ಲಾರಿಯವನು ಲೈಟ್ ಮಿಣುಕಿಸುತ್ತಾನೆ. ಚಾರ್ಮಾಡಿ ಘಾಟಿಯಲ್ಲಿ ಹತ್ತಾರು ವರ್ಷ ಓಡಿಸಿದ ನನಗೇ ಕೈ ಬೆವರಿತು.

ಅದು ಹೋಗಲಿ. ನಿಜವಾದ ಆಪತ್ತು ಊರೊಳಗೆ ಇರುವುದು. ಫ್ಲಾರೆನ್ಸ್, ಪೀಸಾ, ಎರಡೂ ಕಡೆ ಹಳೇ ಪೇಟೆಗೆ ಹೊರಗಿನ ಗಾಡಿ ಹೋಗುವ ಹಾಗಿಲ್ಲ. ಅಲ್ಲಿ ಜೆಡ್‌ಟಿಎಲ್ ಅಂತ ಬೋರ್ಡ್ ಇರುತ್ತೆ. ಬೋರ್ಡ್ ಅಂದರೆ ಒಂದು ಬಿಳಿ ತಟ್ಟೆಗೆ ಕೆಂಪು ಅಂಚು, ಕೆಳಗೆ ಇಟಾಲಿಯನ್‌ನಲ್ಲಿ ಒಂದು ಪುರಾಣ. ಅದನ್ನು ಓದಿ ಮುಗಿಸುವಷ್ಟರಲ್ಲಿ ಕ್ಯಾಮೆರಾ ಫೋಟೋ ತೆಗೆದಿರುತ್ತೆ. ಗೂಗಲ್ ಅಮ್ಮ ಬಲಕ್ಕೆ ತಿರುಗು ಅಂದಳು, ನಾನು ತಿರುಗಿದೆ. ಹೋಟೆಲ್ ಹುಡುಕುತ್ತಾ ಎರಡು ಸುತ್ತು ಬೇರೆ ಹಾಕಿದೆ. ಏಳು ತಿಂಗಳ ನಂತರ ಮನೆಗೆ ಕಾಗದ ಬಂತು. ಒಂದಲ್ಲ, ಎರಡು. ಹೆಂಡತಿ ಮದುವೆ ಆಮಂತ್ರಣ ಅಂದುಕೊಂಡು ಒಡೆದಳು. ಅದರ ಮೇಲೆ ಬಾಡಿಗೆ ಕಾರಿನವರು ನನ್ನ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೇ ಬೇರೆ ಫೀಸು ಎಳೆದುಕೊಂಡಿದ್ದರು. ನನ್ನನ್ನು ಹಿಡಿದುಕೊಟ್ಟಿದ್ದಕ್ಕೆ ನಾನೇ ದುಡ್ಡು ಕೊಡಬೇಕು!

ಗಿರಿಜಕ್ಕ_ಮ್ಯೂನಿಕ್
ನಕ್ಕೂ ನಕ್ಕೂ ಸಾಕಾಯಿತು. ಇಂಡಿಯಾ ಲೈಸೆನ್ಸ್ ಇರುವವರು ಇಂಟರ್‌ನ್ಯಾಷನಲ್ ಪರ್ಮಿಟ್ ಕೂಡ ಇಟ್ಟುಕೊಳ್ಳಬೇಕು. ಅದಿಲ್ಲದೆ ಕಾರಿನ ಮಾತೇ ಬೇಡ.

ಧಾರವಾಡ_ಪೇಡೆ
ರೈಲಾಗ ಹೋದ್ರ ಒಂದು ಮಜಾ ಐತ್ರಿ. ನಡುವ ಪೊಂತೆದೆರಾ ಅಂತ ಸ್ಟೇಷನ್ ಬರ್ತದ. ನಮ್ಮ ಹಳ್ಳಿ ಕಡೆ ಮಂದಿ, ಕುರಿ, ಜ್ವಾಳದ ಚೀಲ ಎಲ್ಲಾ ತುಂಬಿಕೊಂಡು ಹೋಗ್ತದಲ್ಲ ಆಪೆ ಗಾಡಿ, ಅದರ ತವರುಮನಿ ಅದು. ಪಿಯಾಜಿಯೋ ಕಾರ್ಖಾನೆ ಅಲ್ಲೇ ಐತಿ.

ಯಲಹಂಕ_ಹುಡುಗ
ಸುಳ್ಳು. ಆಪೆ ನಮ್ಮದು. ಮಹಾರಾಷ್ಟ್ರದಲ್ಲಿ ಮಾಡುತ್ತಾರೆ.

ಪೀಸಾ_ಪಿಎಚ್‌ಡಿ
ಇಬ್ಬರೂ ಸರಿ. ಬಾರಾಮತಿಯಲ್ಲಿ ಮಾಡುತ್ತಾರೆ, ಹುಟ್ಟಿದ್ದು ಮಾತ್ರ ಇಲ್ಲಿ. ವೆಸ್ಪಾ 1946ರಲ್ಲಿ ಬಂತು. ಅದರ ಹಿಂದೆ ಡಬ್ಬ ಕೂರಿಸಿ 1948ರಲ್ಲಿ ಆಪೆ ಮಾಡಿದರು. ವೆಸ್ಪಾ ಅಂದರೆ ಇಟಾಲಿಯನ್‌ನಲ್ಲಿ ಕಣಜದ ಹುಳ, ಆಪೆ ಅಂದರೆ ಜೇನುನೊಣ. ಪೊಂತೆದೆರಾ ಸ್ಟೇಷನ್‌ನಿಂದ ನಡೆದು ಹೋಗುವ ದೂರದಲ್ಲಿ ಪಿಯಾಜಿಯೋ ಮ್ಯೂಸಿಯಂ ಇದೆ.

ಹಳೇ_ಪ್ರವಾಸಿ
ನಮ್ಮ ಮನೆಯ ಬಜಾಜ್ ಚೇತಕ್ ಕೂಡ ಇದೇ ವಂಶದ್ದು. ಬಜಾಜ್‌ನವರು ಮೊದಲು ವೆಸ್ಪಾ ಲೈಸೆನ್ಸ್ ತಗೊಂಡೇ ಸ್ಕೂಟರ್ ಮಾಡುತ್ತಿದ್ದರು. ಬಗ್ಗಿಸಿ ಸ್ಟಾರ್ಟ್ ಮಾಡುತ್ತಿದ್ದ ಕಾಲ ನೆನಪಾಯಿತು. ಪೀಸಾದ ಗೋಪುರ ವಾಲಿದ್ದು ನೋಡಿ ನನಗೆ ಆಶ್ಚರ್ಯವೇ ಆಗಲಿಲ್ಲ, ಆ ಕಡೆಯ ವಸ್ತುಗಳು ಎಲ್ಲಾ ಸ್ವಲ್ಪ ವಾಲಿಸಿದರೇ ಕೆಲಸ ಮಾಡುವುದು.

ಕಾವೇರಿ_ತೀರ
ಪ್ರಶ್ನೆ ಏನಿತ್ತು, ಎಲ್ಲಿಗೆ ಬಂದಿದ್ದೀರಿ! ರೈಲಿನ ಬಗ್ಗೆ ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಕಾಗದದ ರೀಜನಲ್ (ಲೋಕಲ್ ರೈಲಿನ) ಟಿಕೆಟ್ ತಗೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮೆಷಿನ್‌ಗೆ ತುರುಕಿ ಸೀಲು ಹೊಡೆಸಬೇಕು. ಫೋನ್ ಟಿಕೆಟ್ ಆದರೆ ಹತ್ತುವ ಮುಂಚೆ ಚೆಕ್‌-ಇನ್ ಒತ್ತಬೇಕು. ದುಡ್ಡು ಕೊಟ್ಟಿದ್ದೀನಿ, ಟಿಕೆಟ್ ಇದೆ ಅಂತ ವಾದ ಮಾಡಿದರೆ ನಡೆಯುವುದಿಲ್ಲ. ನನ್ನ ತಮ್ಮ ಎಂಪೊಲಿ ಹತ್ತಿರ ದಂಡ ಕಟ್ಟಿದ. ಟಿಕೆಟ್ ಎದೆ ಜೇಬಲ್ಲಿ ಬೆಚ್ಚಗಿತ್ತು, ಸೀಲು ಇರಲಿಲ್ಲ.

ಇಟಲಿ ರೈಲಿನವರ ಟ್ರೆನಿತಾಲಿಯಾ ಆ್ಯಪ್‌ನಲ್ಲಿ ಹುಡುಕುವಾಗ 'ಪೀಸಾ ಆಯೆರೊಪೋರ್ತೊ' (ಪೀಸಾ ಏರ್‌ಪೋರ್ಟ್) ಅಂತ ಹಾಕಿದರೆ ಪೀಸಾಮೂವರ್ ಸೇರಿಸಿಯೇ ಟಿಕೆಟ್ ಕೊಡುತ್ತದೆ. ಅಲ್ಲೊಂದು ಇಲ್ಲೊಂದು ಮೆಷಿನ್ ಹುಡುಕುವುದು ತಪ್ಪುತ್ತದೆ. ನಡೆದುಕೊಂಡು ಹೋಗುವವರು ಮಾತ್ರ 'ಪೀಸಾ ಚೆಂತ್ರಾಲೆ' ಅಂತಲೇ ಹಾಕಿ, ಇಲ್ಲದಿದ್ದರೆ ಗೊತ್ತಿಲ್ಲದೆ 6.50 ಸೇರಿಹೋಗಿರುತ್ತದೆ.

ನಡೆದೇ_ನೋಡು
ಇದು ಒಳ್ಳೆ ಮಾತು. ಮತ್ತೆ ಹೇಳುತ್ತೇನೆ, ನಡೆಯಿರಿ.

ಪೀಸಾ_ಪಿಎಚ್‌ಡಿ
ನಡೆಯುವವರಿಗೆ ದಾರಿ: ಸ್ಯಾನ್ ಜ್ಯುಸ್ತೊ ಬಡಾವಣೆಯ ಮನೆಗಳ ನಡುವೆ ಹೋಗಿ ಸ್ಟೇಷನ್ನಿನ ಹಿಂಬದಿ ಸೇರುತ್ತೀರಿ. ಅಲ್ಲಿಂದ ಹಳಿ ಕೆಳಗಿನ ಸುರಂಗದಲ್ಲಿ ಮುಂದಿನ ಬಾಗಿಲಿಗೆ ಬರಬಹುದು. ಹಗಲು ಚೆನ್ನಾಗಿದೆ. ಒಬ್ಬರೇ, ಬೆನ್ನಿಗೆ ಬ್ಯಾಗು, ಹವಾ ಚೆನ್ನಾಗಿದ್ದರೆ ನಾನೂ ನಡೆಯುತ್ತೇನೆ. ಜುಲೈ ಮಧ್ಯಾಹ್ನ ಮಾತ್ರ ಬೇಡ, ರಾಯಚೂರು ನೆನಪಾಗುತ್ತದೆ.

ಇನ್ನೊಂದು ವಿಷಯ, ಮುಷ್ಕರ. ಇಲ್ಲಿ ಅದಕ್ಕೆ 'ಶೋಪೆರೊ' ಅನ್ನುತ್ತಾರೆ. ಇಟಲಿಗೆ ಬಂದವರು ಮೊದಲು ಕಲಿಯುವ ಪದ ಪಿಜ್ಜಾ, ಎರಡನೆಯದು ಇದು. ಬಹಳ ಸಲ ಶುಕ್ರವಾರವೇ ಇಡುತ್ತಾರೆ. ಯಾಕೆ ಶುಕ್ರವಾರ ಅಂತ ನನ್ನ ಪ್ರೊಫೆಸರ್‌ನ ಕೇಳಿದೆ, ಸುಮ್ನೆ ನಕ್ಕರು. ಒಳ್ಳೆಯದು ಏನೆಂದರೆ ಮುಂಚೆಯೇ ದಿನ ಹೇಳಿರುತ್ತಾರೆ. ಕೆಲಸದ ದಿನ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಮುಖ್ಯವಾದ ಲೋಕಲ್ ರೈಲುಗಳು ಓಡಲೇಬೇಕು ಅಂತ ನಿಯಮ ಇದೆ. ವಾಪಸ್ ವಿಮಾನ ಶುಕ್ರವಾರ ಇದ್ದರೆ ಹಿಂದಿನ ದಿನ ಒಂದು ಸಲ ನೋಡಿಕೊಳ್ಳಿ.

ಸಾಗರ_ಸಂಧ್ಯಾ
ಇಷ್ಟೆಲ್ಲಾ ಯಾಕೆ, ಫ್ಲಾರೆನ್ಸ್‌ಗೇ ಏರ್‌ಪೋರ್ಟ್ ಇದೆಯಲ್ಲ? ಅಲ್ಲಿಂದ ಟ್ರಾಮ್‌ನಲ್ಲಿ 20 ನಿಮಿಷಕ್ಕೆ ಊರ ಮಧ್ಯೆ. ಟಿಕೆಟ್ ಎರಡು ಯೂರೋ ಒಳಗೆ.

ಮೈಸೂರು_ಪಾಕ
ಇದೆ. ನಾವೂ ಹಾಗೇ ಅಂದುಕೊಂಡು ಬೆಂಗಳೂರಿಂದ ಫ್ರಾಂಕ್‌ಫರ್ಟ್ ಮೇಲೆ ಫ್ಲಾರೆನ್ಸ್‌ಗೆ ಟಿಕೆಟ್ ಮಾಡಿದ್ದೆವು. ಅಲ್ಲಿ ರನ್‌ವೇ ಗಿಡ್ಡ, ಒಂದು ತುದಿಗೆ ಗುಡ್ಡ. ಗಾಳಿ ಬೀಸುವ ದಿಕ್ಕು ಬದಲಾದರೆ ವಿಮಾನ ಇಳಿಸುವುದಿಲ್ಲ. ನಮ್ಮ ಪೈಲಟ್ ಎರಡು ಸಲ ಪ್ರಯತ್ನ ಮಾಡಿದರು. ಎರಡನೇ ಸಲ ನಮ್ಮ ಯಜಮಾನರು ನನ್ನ ಕೈ ಹಿಡಿದುಕೊಂಡರು. ಮದುವೆಯಾಗಿ 28 ವರ್ಷದಲ್ಲಿ ಹೊರಗಡೆ ಕೈ ಹಿಡಿದದ್ದು ಅದೇ ಮೊದಲು. ಆಮೇಲೆ ಮೈಕಿನಲ್ಲಿ ಏನೋ ಹೇಳಿದರು, ಸೀದಾ ಪೀಸಾದಲ್ಲಿ ಇಳಿಸಿದರು. ಅಲ್ಲಿಂದ ಬಸ್ಸಿನಲ್ಲಿ ಫ್ಲಾರೆನ್ಸ್. ಅಂತೂ ಪೀಸಾಗೆ ಬರುವುದು ಹಣೆಬರಹದಲ್ಲಿ ಇದ್ದರೆ ಯಾವ ಟಿಕೆಟ್ ತಗೊಂಡರೂ ಅಷ್ಟೇ.

ಕರಾವಳಿ_ಕುಡ್ಲ
ಗಿಡ್ಡ ರನ್‌ವೇ, ಗುಡ್ಡ! ನಮ್ಮ ಬಜ್ಪೆಯಲ್ಲಿ ಇಳಿದವರಿಗೆ ಇದೆಲ್ಲಾ ಏನೂ ಅಲ್ಲ.

ದಾವಣಗೆರೆ_ಬೆಣ್ಣೆ
ತೀರ್ಮಾನ ಆಯಿತು. ಸ್ಟೇಷನ್ ಮುಂದೆಯೇ ಒಂದು ಹೋಟೆಲ್ ಬುಕ್ ಮಾಡಿದೆ. ಫ್ಲಾರೆನ್ಸ್ ಹೋಟೆಲಿನವರಿಗೆ ಮೇಲ್ ಹಾಕಿದೆ, ಪಾಪ ಒಂದು ರಾತ್ರಿ ಬಿಟ್ಟುಕೊಟ್ಟರು. ಹೋಗಿ ಬಂದು ಬರೆಯುತ್ತೇನೆ. ಅಮ್ಮ ಚಟ್ನಿಪುಡಿ, ಮಾವಿನಕಾಯಿ ಉಪ್ಪಿನಕಾಯಿ ಎಲ್ಲಾ ಕಟ್ಟುತ್ತಿದ್ದಾರೆ.

ಗಿರಿಜಕ್ಕ_ಮ್ಯೂನಿಕ್
ಉಪ್ಪಿನಕಾಯಿ ಸೂಟ್‌ಕೇಸ್‌ಗೆ ಹಾಕಿಸು ಮಗಾ. ಕೈ ಬ್ಯಾಗಿನಲ್ಲಿ ಬೇಡ. ಅವರ ಲೆಕ್ಕದಲ್ಲಿ ಅದು ದ್ರವ.

*ಮೂರು ವಾರದ ನಂತರ*

ದಾವಣಗೆರೆ_ಬೆಣ್ಣೆ
ಹೋಗಿ ಬಂದೆವು! ಮಾತು ಕೊಟ್ಟಂತೆ ವರದಿ.

ಸ್ಟಾನ್‌ಸ್ಟೆಡ್‌ನಲ್ಲಿ ವೀಸಾ ಚೆಕ್ ಕೌಂಟರ್‌ಗೆ ಮೊದಲೇ ಹೋದೆವು. ಕುಡ್ಲದವರಿಗೆ ಕೋಟಿ ನಮಸ್ಕಾರ, ನಮ್ಮ ಕಣ್ಣೆದುರೇ ಒಂದು ಜೋಡಿ ಗೇಟಿನಿಂದ ವಾಪಸ್ ಓಡಿತು. ವಿಮಾನ 25 ನಿಮಿಷ ತಡ. ಪಾಸ್‌ಪೋರ್ಟ್ ಸಾಲಿನಲ್ಲಿ ನಾವೇ ಕೊನೆ. ಹೊರಗೆ ಬಂದಾಗ 12:40. ಪೀಸಾಮೂವರ್ ಬಾಗಿಲು ಮುಚ್ಚಿತ್ತು, ಪಿಎಚ್‌ಡಿಯವರು ಹೇಳಿದ ಹಾಗೇ. ಟ್ಯಾಕ್ಸಿಗೆ ಒಂದಿಪ್ಪತ್ತು ಜನ ಸಾಲು ನಿಂತಿದ್ದರು. ಅರ್ಧ ಗಂಟೆ ಕಾದೆವು. ಬಂದ ಟ್ಯಾಕ್ಸಿಗೆ 15 ಯೂರೋ ಕೊಟ್ಟೆ. ಅಮ್ಮ ಏನೂ ಅನ್ನಲಿಲ್ಲ. ರೂಮಿಗೆ ಹೋಗಿ ಮೊಸರನ್ನ ಬಿಚ್ಚಿದರು. ಬೆಳಿಗ್ಗೆ ಕಿಟಕಿ ಪರದೆ ಸರಿಸಿ "ಇದೇನಾ ಇಟಲಿ?" ಅಂದರು. ಎದುರಿಗೆ ಇದ್ದದ್ದು ಒಂದು ಬಸ್ ಸ್ಟಾಪು.

ಗೋಪುರಕ್ಕೆ ಕೆಂಪು ಲೈನ್ ಬಸ್ಸಿನಲ್ಲಿ ಹೋದೆವು. ಅಮ್ಮ ಕೆಳಗೆ ಹುಲ್ಲಿನ ಮೇಲೆ ಕೂತರು, ಅಪ್ಪ 250ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿದು ಬಂದರು, ಏದುಸಿರು ಕೂಡ ಬಿಡಲಿಲ್ಲ. ಮಧ್ಯಾಹ್ನ ರೈಲಿಗೆ ಫ್ಲಾರೆನ್ಸ್. ಫ್ಲಾರೆನ್ಸ್ ಕತೆ ಬೇರೆ ಬರೆಯುತ್ತೇನೆ.

ಮಜಾ ಇದ್ದದ್ದು ವಾಪಸ್ ಬರುವಾಗ. ಹಗಲು ವಿಮಾನ, ಹಾಗಾಗಿ ಪೀಸಾಮೂವರ್ ಹತ್ತುವ ಯೋಗ ಬಂತು. ಮೂವರಿಗೆ 19.50 ಅಂತ ಕೇಳಿ ಅಪ್ಪನ ಮುಖ ನೋಡಬೇಕಿತ್ತು. ಹತ್ತಿದ ಮೇಲೆ ಮುಂದೆ ಹೋಗಿ ನೋಡಿದರು. "ಡ್ರೈವರ್ ಎಲ್ಲೋ?" ಇಲ್ಲಪ್ಪ, ಕೇಬಲ್ ಎಳೆಯುತ್ತೆ ಅಂದೆ. "ಕಂಡಕ್ಟರ್?" ಇಲ್ಲ. ಗೇಟ್ ಮೆಷಿನ್ನೇ ಟಿಕೆಟ್ ನೋಡುತ್ತೆ. ನಡುವೆ ಒಂದು ಸ್ಟಾಪ್ ಬಂತು, ಯಾರೂ ಹತ್ತಲಿಲ್ಲ, ಯಾರೂ ಇಳಿಯಲಿಲ್ಲ. ಅಷ್ಟರಲ್ಲಿ ಏರ್‌ಪೋರ್ಟ್ ಬಂದೇಬಿಟ್ಟಿತು. ಅಪ್ಪ ಇಳಿದು ತಿರುಗಿ ನೋಡಿ ಹೇಳಿದರು: "ಒಂದೇ ಸ್ಟೇಜು ಕಣೋ ಇದು. ಡ್ರೈವರ್ ಸಂಬಳ ಇಲ್ಲ, ಕಂಡಕ್ಟರ್ ಸಂಬಳ ಇಲ್ಲ, ಡೀಸೆಲ್ ಇಲ್ಲ. ಆರೂವರೆ ಯಾರಿಗೆ ಕೊಟ್ಟೆವು ನಾವು?"

ವಿಮಾನದಲ್ಲೂ ಅದೇ ಲೆಕ್ಕ. ಬೋರ್ಡಿಂಗ್ ಪಾಸ್ ಹಿಂದೆ ಪೆನ್ನಿನಲ್ಲಿ ಟ್ರಿಪ್ ಎಷ್ಟು, ಜನ ಎಷ್ಟು ಅಂತ ಗುಣಿಸುತ್ತಾ ಕೂತಿದ್ದರು.

ಲೆಕ್ಕಿಗ
ಆ ಬೋರ್ಡಿಂಗ್ ಪಾಸ್ ಫೋಟೋ ಹಾಕಿ ಪ್ಲೀಸ್. ನಿಮ್ಮ ತಂದೆ ನಮ್ಮ ಜಾತಿಯವರು.

ಹಳೇ_ಪ್ರವಾಸಿ
ನಾನು ಇಷ್ಟು ಪೋಸ್ಟ್‌ನಲ್ಲಿ ಹೇಳಿದ್ದನ್ನು ಅವರು ಒಂದು ಸಾಲಿನಲ್ಲಿ ಹೇಳಿದರು.

ಪೀಸಾ_ಪಿಎಚ್‌ಡಿ
ಮುಂದಿನ ಸಲ ಬಂದರೆ ಮೆಸೇಜ್ ಮಾಡಿ, ಅಪ್ಪನನ್ನು ನಡೆಸಿಕೊಂಡೇ ಸ್ಟೇಷನ್‌ಗೆ ಕರೆದುಕೊಂಡು ಹೋಗುತ್ತೇನೆ. ದಾರಿಯಲ್ಲಿ ಸ್ಟೇಷನ್ ಮುಂಭಾಗದ ಪಕ್ಕಕ್ಕೆ ಹೋದರೆ ಚರ್ಚಿನ ಹಿಂದಿನ ಗೋಡೆ ತುಂಬಾ ಕೀತ್ ಹ್ಯಾರಿಂಗ್ 1989ರಲ್ಲಿ ಬರೆದ ಬಣ್ಣಬಣ್ಣದ ಚಿತ್ರ ಇದೆ. ಗೋಪುರದ ಅವಸರದಲ್ಲಿ ಬಹಳ ಜನ ಅದನ್ನು ನೋಡದೇ ಹೋಗುತ್ತಾರೆ.

ನಡೆದೇ_ನೋಡು
ನಡೆಸಿಕೊಂಡು! ನಾನು ಮೊದಲ ದಿನವೇ ಹೇಳಿದ್ದೆ.

ಗಿರಿಜಕ್ಕ_ಮ್ಯೂನಿಕ್
ಉಪ್ಪಿನಕಾಯಿ ಏನಾಯಿತು?

ದಾವಣಗೆರೆ_ಬೆಣ್ಣೆ
ಸೂಟ್‌ಕೇಸ್‌ಗೇ ಹಾಕಿದ್ದೆವು ಅಕ್ಕಾ. ಆದರೆ ಅಮ್ಮ ಯಾರಿಗೂ ಹೇಳದೆ ಕೈ ಬ್ಯಾಗಿನಲ್ಲಿ ಇನ್ನೊಂದು ಸಣ್ಣ ಬಾಟಲಿ ಇಟ್ಟಿದ್ದರು, ನಿಂಬೆಕಾಯಿದು. ಸೆಕ್ಯುರಿಟಿಯವಳು ಮುಚ್ಚಳ ತೆಗೆದು ಮೂಸಿ ನೋಡಿ ಹಿಂದಕ್ಕೆ ಸರಿದಳು.

ಬಳ್ಳಾರಿ_ಬಿಸಿಲು
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾವು ಮುಂದಿನ ತಿಂಗಳು ಬೊಲೋನ್ಯಾಗೆ ಇಳಿಯುತ್ತೇವೆ. ಅಲ್ಲೂ ಡ್ರೈವರ್ ಇಲ್ಲದ ಮೊನೊರೈಲು ಇದೆಯಂತೆ, ಹೇಗಿದೆ?

ಪೀಸಾ_ಪಿಎಚ್‌ಡಿ
ಇದೆ, 2020ರಲ್ಲಿ ಶುರುವಾಯಿತು. ಏಳೆಂಟು ನಿಮಿಷದಲ್ಲಿ ಸ್ಟೇಷನ್. ಬೆಲೆ ಪೀಸಾಮೂವರ್‌ಗಿಂತ ಜಾಸ್ತಿ.

ದಾವಣಗೆರೆ_ಬೆಣ್ಣೆ
ಅಪ್ಪನಿಗೆ ಹೇಳುವುದಿಲ್ಲ.